ಬೆತ್ತದ ಹೊಟ್ಟೆ ಮುಚ್ಚಬಾರದು: ನಗರ ಸೀಮೆಯ ಒಂದು ಮನೆಯ ಆರು ಊಟದ ಕುರ್ಚಿಗಳ ಪ್ರಕರಣ

2023ರ ಜುಲೈ ಎರಡನೆಯ ವಾರ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಹತ್ತಿರದ ಒಂದು ತೋಟದ ಮನೆಯಿಂದ ನನಗೆ ಫೋನ್ ಬಂತು. ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಬೆತ್ತದ ಕುರ್ಚಿಯ ಸೀಟು ಹರಿದು, ಎಂಬತ್ತೊಂದು ವರ್ಷದ ಅಜ್ಜಿ ಚೌಕಟ್ಟಿನೊಳಗೆ ಕುಸಿದು ಸಿಕ್ಕಿಕೊಂಡಿದ್ದರು. ಮೂಳೆಗೆ ಪೆಟ್ಟಾಗಿರಲಿಲ್ಲ. ತೊಡೆಯ ಹಿಂಬದಿ ತರಚಿತ್ತು. ಅಂದಿನಿಂದ ಅವರು ಮೇಜಿನ ಹತ್ತಿರವೇ ಬರಲೊಲ್ಲದೆ ನೆಲಕ್ಕೆ ಮಣೆ ಹಾಕಿಸಿಕೊಂಡು ಕೂತರು. ಮಂಡಿ ನೋವಿನ ಅವರನ್ನು ಪ್ರತಿ ಊಟದ ನಂತರ ಎಬ್ಬಿಸಲು ಇಬ್ಬರು ಬೇಕಾಗುತ್ತಿತ್ತು. ಆ ಮೇಜು, ಆ ಕುರ್ಚಿ ಮನೆಗೆ ಬಂದದ್ದೇ ಅವರ ಮಂಡಿಗಾಗಿ.

ನಾನು ಸಾಗರದಲ್ಲಿ ಹಳೆಯ ಮರದ ಸಾಮಾನುಗಳ ದುರಸ್ತಿ ಮಾಡುತ್ತೇನೆ. ಬೆತ್ತದ ಸೀಟಿನ ಕುರ್ಚಿಗಳು ಈಗ ಮಲೆನಾಡಿನ ಮನೆಮನೆಗೂ ಬರುತ್ತಿವೆ, ಒಂದೆರಡು ಮಳೆಗಾಲಕ್ಕೆ ಜೋತು ಬಿದ್ದು ನನ್ನಂಥವರ ಕೊಟ್ಟಿಗೆ ಸೇರುತ್ತಿವೆ. ತಂದವರೆಲ್ಲರ ಬಾಯಲ್ಲೂ ಒಂದೇ ಮಾತು: “ಬೆತ್ತ ನಮ್ಮ ಊರಿಗೆ ಆಗುವುದಿಲ್ಲ.” ಬೆತ್ತ ಹುಟ್ಟುವುದೇ ನಮ್ಮ ಘಟ್ಟದ ಮಳೆಕಾಡಿನಲ್ಲಿ. ಅದು ನಮ್ಮ ಊರಿಗೆ ಆಗುವುದಿಲ್ಲ ಎಂಬ ಮಾತು ನನಗೆ ಪ್ರತಿ ಸಲವೂ ಚುಚ್ಚುತ್ತದೆ. ಈ ಒಂದು ಮನೆಯ ಆರು ಕುರ್ಚಿಗಳಿಗೆ ಏನಾಯಿತು, ನಾನು ಮೊದಲು ಹೇಗೆ ಕೆಡಿಸಿದೆ, ಆಮೇಲೆ ಏನು ಮಾಡಿದೆವು ಎಂಬುದನ್ನು ಅದಕ್ಕಾಗಿಯೇ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮನೆ ಮತ್ತು ಕುರ್ಚಿ

ನಗರ, ಮಾಸ್ತಿಕಟ್ಟೆ, ಹುಲಿಕಲ್ ಸೀಮೆಯ ಮಳೆ ಎಂಥದು ಎಂದು ಶಿವಮೊಗ್ಗ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಜೂನ್ ನಡುವಿನಿಂದ ಸೆಪ್ಟೆಂಬರ್ ತನಕ ಆ ಮನೆಯಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಭರಣಿಯಲ್ಲಿ ನೀರೊಡೆಯುತ್ತದೆ, ಚಪ್ಪಲಿಯ ಮೇಲೆ ಬೂಷ್ಟು ಹಿಡಿಯುತ್ತದೆ. ಮನೆ ಹಳೆಯದು, ಹಂಚಿನ ಮಾಡು, ಜಗುಲಿ, ಅಂಗಳದ ಸುತ್ತ ಅಡಿಕೆಯ ಚಪ್ಪರ. ಊಟದ ಮನೆ ಮಾತ್ರ ಹೊಸತಾಗಿ ಮಾರ್ಪಟ್ಟಿತ್ತು. ಕಟ್ಟಿಗೆ ಒಲೆ ತೆಗೆದು ಗ್ಯಾಸ್ ಇಟ್ಟಿದ್ದರು, ಅಟ್ಟ ಮುಚ್ಚಿ ಹಲಗೆಯ ಒಳಮಾಡು ಹೊಡೆಸಿದ್ದರು, ನೆಲಕ್ಕೆ ಟೈಲ್ಸ್ ಹಾಕಿಸಿದ್ದರು.

ಈ ಮಾರ್ಪಾಟು ಪ್ರಕರಣದ ಅರ್ಧ ಕಥೆ. ಹಿಂದೆ ಆ ಕೋಣೆಯಲ್ಲಿ ದಿನವಿಡೀ ಹೊಗೆ ಆಡುತ್ತಿತ್ತು. ಹೊಗೆ ಎಂದರೆ ಬಿಸಿ, ಒಣ ಗಾಳಿ; ಹುಳಕ್ಕೆ ಕಹಿ. ಒಲೆಯ ಮೇಲಿನ ಅಟ್ಟದಲ್ಲಿಟ್ಟ ಬುಟ್ಟಿ, ಗೆರಸಿ (ಮೊರ), ಕಲ್ಲಿಗಳು ಕಪ್ಪಗೆ ಹೊಳೆಯುತ್ತ ಎರಡು ಮೂರು ತಲೆಮಾರು ಬಾಳಿದ್ದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಅದೇ ಬುಟ್ಟಿಯನ್ನು ಇಳಿಸಿ ಹೊಸ ಅಡುಗೆಮನೆಯ ಮೂಲೆಯಲ್ಲಿಟ್ಟರೆ ಎರಡು ವರ್ಷಕ್ಕೆ ಕುಟ್ಟೆ ಹುಳ ಹಿಡಿದು ಹಿಟ್ಟುದುರಿಸುತ್ತದೆ. ಹೆಂಗಸರ ಕಣ್ಣು ಉಳಿಸಿದ ಗ್ಯಾಸಿನ ಒಲೆಯನ್ನು ನಾನು ದೂರುವುದಿಲ್ಲ. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಇನ್ನಾವುದೋ ಮಾಡಬೇಕು ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕುರ್ಚಿಗಳನ್ನು ಬೆಂಗಳೂರಿನಲ್ಲಿರುವ ಮಗ 2022ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಯೊಂದರಿಂದ ತರಿಸಿದ್ದ. ತೇಗದ ಚೌಕಟ್ಟು, ಅಡಿಗೆ ಚಿಮಟದಂತೆ ಅಗಲಿಸಿದ ಕಾಲು, ಬೆತ್ತದ ಜಾಲಿಯ ಸೀಟು ಮತ್ತು ಬೆನ್ನು. ಈ ಮಾದರಿಯ ಮೂಲ ಚಂಡೀಗಢದ್ದು. 1950ರ ದಶಕದಲ್ಲಿ ಆ ಊರು ಕಟ್ಟುವಾಗ ಅದರ ವಾಸ್ತುಶಿಲ್ಪಿ ಲೆ ಕಾರ್ಬೂಸಿಯೆ ಅವರ ಸೋದರಸಂಬಂಧಿ ಪಿಯರ್ ಜಾನ್ನರೆ ಮತ್ತು ಅವರ ಜೊತೆಗಾರರು ಸರ್ಕಾರಿ ಕಚೇರಿ, ಕಾಲೇಜುಗಳಿಗೆಂದು ತೇಗ ಮತ್ತು ಬೆತ್ತದಲ್ಲಿ ಇಂಥ ಕುರ್ಚಿಗಳನ್ನು ರೂಪಿಸಿದರು. ಅವು ಮುಂದೆ ಗುಜರಿಗೆ ಹೋಗಿ, ಅಲ್ಲಿಂದ ವಿದೇಶದ ಹರಾಜುಗಳನ್ನು ಸೇರಿ ಬೆಲೆಬಾಳತೊಡಗಿದ ಮೇಲೆ ಅದರ ನಕಲು ದೇಶದ ತುಂಬ ಹರಡಿತು. ವರ್ಷದ ಹೆಚ್ಚು ಕಾಲ ಒಣ ಗಾಳಿ ಬೀಸುವ ಬಯಲಿನ ಕುರ್ಚಿ, ನಾಲ್ಕು ತಿಂಗಳು ಮೋಡದೊಳಗಿರುವ ಮನೆಗೆ ಬಂದು ನಿಂತಿತ್ತು.

ಮೊದಲ ಮಳೆಗಾಲದಲ್ಲೇ ಸೀಟುಗಳು ಬಾಣಲೆಯಂತೆ ತಗ್ಗಿದವು. ಚುಚ್ಚುತ್ತದೆ ಎಂದು ಮನೆಯವರು ಅಡಿಗೆ ರೆಕ್ಸಿನ್ ಇರುವ ಸ್ಪಂಜಿನ ದಿಂಬು ಕಟ್ಟಿದರು. ದಿಂಬಿನ ಕೆಳಗೆ ಬೂಷ್ಟು ಬೆಳೆಯಿತು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ದಿಂಬು ಕಟ್ಟಿದರು. ಬೇಸಿಗೆಯಲ್ಲಿ ಎಳೆಗಳು ಕಡ್ಡಿಯಂತೆ ಒಣಗಿ ಮುಂದಿನ ಅಂಚಿನಲ್ಲಿ ಒಂದೊಂದಾಗಿ ತುಂಡಾದವು. ಎರಡನೆಯ ಮಳೆಗಾಲಕ್ಕೆ ಅಜ್ಜಿಯ ಕುರ್ಚಿ ಹರಿಯಿತು.

ನಾನು ಕೆಡಿಸಿದ್ದು

ನಾನು ಹೋದದ್ದು ಜುಲೈನಲ್ಲೇ. ಅಜ್ಜಿ ನೆಲದಲ್ಲಿ ಕೂತು ಉಣ್ಣುವುದನ್ನು ನೋಡಿ ಮಗನಿಗೂ ಸೊಸೆಗೂ ಜೀವ ತಡೆಯುತ್ತಿರಲಿಲ್ಲ, ನನಗೂ ಅವಸರವಾಯಿತು. ಹರಿದ ಎರಡು ಕುರ್ಚಿಗಳನ್ನು ಜೀಪಿನಲ್ಲಿ ತಂದು ಕೆಲಸ ಹಿಡಿದೆ.

ಇಂಥ ಕುರ್ಚಿಗಳಲ್ಲಿ ಬೆತ್ತವನ್ನು ಎಳೆ ಎಳೆಯಾಗಿ ಹೆಣೆದಿರುವುದಿಲ್ಲ. ಯಂತ್ರದಲ್ಲಿ ನೇಯ್ದ ಜಾಲಿ ಥಾನಿನಂತೆ ಸುರುಳಿಯಲ್ಲಿ ಸಿಗುತ್ತದೆ. ಚೌಕಟ್ಟಿನ ಸುತ್ತ ಕೊರೆದ ಗೀರಿಗೆ ಜಾಲಿಯ ಅಂಚನ್ನು ತುರುಕಿ, ಅಂಟು ಹಾಕಿ, ಮೇಲೆ ಬೆತ್ತದ್ದೇ ಒಂದು ಸಣ್ಣ ಕಡ್ಡಿಯನ್ನು ಬಡಿದು ಕೂರಿಸುತ್ತಾರೆ. ಹಳೆಯ ಕಡ್ಡಿಯನ್ನು ಬಿಸಿನೀರಿನಿಂದ ನೆನೆಸಿ ಉಳಿಯಿಂದ ಎಬ್ಬಿಸಿ, ಗೀರು ತೊಳೆದು, ಹೊಸ ಜಾಲಿಯನ್ನು ನೆನೆಸಿ ಬಡಿದೆ. ಬಿಳಿ ಅಂಟು ಹಾಕಿದೆ. ನಾಲ್ಕು ದಿನ ಬಿಟ್ಟು ಕಳಿಸಿಕೊಟ್ಟೆ. ಅಕ್ಟೋಬರಿನಲ್ಲಿ ಯಜಮಾನರು ಫೋನ್ ಮಾಡಿ, “ಮಾರಾಯರೇ, ನೀವು ಮಾಡಿದ ಎರಡೇ ಉಳಿದ ನಾಲ್ಕಕ್ಕಿಂತ ಹೆಚ್ಚು ಜೋತಿವೆ” ಎಂದರು. ಹೋಗಿ ನೋಡಿದರೆ ನಿಜ. ಒಂದರ ಕಡ್ಡಿ ಗೀರಿನಿಂದ ಎದ್ದು ಬಂದಿತ್ತು.

ತಪ್ಪು ನನ್ನದೇ, ಮತ್ತು ಅದು ಸಣ್ಣ ತಪ್ಪಲ್ಲ. ನೆಂದ ಬೆತ್ತ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಒದ್ದೆಯಲ್ಲಿ ಕೂರಿಸಿದ ಜಾಲಿ ಒಣಗುತ್ತ ತಮಟೆಯ ಚರ್ಮದಂತೆ ಬಿಗಿಯಬೇಕು. ಈ ಕಸುಬಿನ ಜೀವಾಳವೇ ಅದು. ಜುಲೈನಲ್ಲಿ ಅದು ಒಣಗುವುದು ಎಲ್ಲಿಂದ? ಕೈಗೆ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇತ್ತು. ಆ ಹಸಿಯ ಮೇಲೆ ದಿನಕ್ಕೆ ಮೂರು ಹೊತ್ತು ಜನ ಕೂತರು. ಹಸಿ ಬೆತ್ತ ಭಾರಕ್ಕೆ ಎಳೆದುಕೊಂಡರೆ ಆ ಉದ್ದ ಮತ್ತೆ ಪೂರ್ತಿ ಹಿಂದಿರುಗುವುದಿಲ್ಲ. ಅಂಟೂ ಅಷ್ಟೇ, ಅದಕ್ಕೂ ಒಣ ಗಾಳಿ ಬೇಕು. ಇಷ್ಟು ವರ್ಷ ಈ ಕೆಲಸ ಮಾಡಿದವನು ತಿಂಗಳು ನೋಡದೆ ಕೈ ಹಾಕಿದ್ದೆ.

ಯಜಮಾನರಿಗೆ ಇದನ್ನು ವಿವರಿಸುವಾಗ ಅವರು ಅಂಗಳದ ಕಡೆ ಕೈ ತೋರಿಸಿದರು. “ಬೇಯಿಸಿದ ಅಡಿಕೆ ಸರಿಯಾಗಿ ಒಣಗುವ ಮುಂಚೆ ಮೂಟೆ ಕಟ್ಟಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಕುರ್ಚಿಯೂ ಹಾಗೆಯೇ ಎಂದು ನೀವು ಅಂದೇ ಹೇಳಬೇಕಿತ್ತು.” ಹೌದು, ಹೇಳಬೇಕಿತ್ತು. ಎರಡು ಕುರ್ಚಿಗಳ ಹಣ ಹಿಂದಿರುಗಿಸಿದೆ. ಆರನ್ನೂ ಸರಿಮಾಡಿಕೊಡುತ್ತೇನೆ, ಆದರೆ ಮಾಘದ ತನಕ ಕಾಯಬೇಕು ಎಂದೆ. ಅಜ್ಜಿಗೆ ತಾತ್ಕಾಲಿಕವಾಗಿ ನನ್ನ ಕೊಟ್ಟಿಗೆಯಿಂದ ಹಲಗೆ ಸೀಟಿನ ಒಂದು ಹಳೆಯ ಕುರ್ಚಿ ತಂದು ಕೊಟ್ಟೆ.

ಬೆರಳು ಕಂಡದ್ದು

ಈ ನಡುವೆ ಒಂದು ಕುರ್ಚಿಯನ್ನು ಶಿವಮೊಗ್ಗಕ್ಕೆ ಕೊಂಡೊಯ್ದೆ. ಅಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಹುಟ್ಟಿನಿಂದಲೇ ದೃಷ್ಟಿ ಇಲ್ಲ. ಕುರ್ಚಿಗೆ ಬೆತ್ತ ಹೆಣೆಯುವ ಹುದ್ದೆಯಲ್ಲಿ ಸರ್ಕಾರಿ ಕಚೇರಿಯಲ್ಲಿದ್ದು ನಿವೃತ್ತರಾದವರು. ನಮ್ಮ ದೇಶದಲ್ಲಿ ಈ ಕೆಲಸವನ್ನು ಅಂಧರ ಶಾಲೆಗಳಲ್ಲಿ ಕಲಿಸಿ, ಕಚೇರಿಗಳಲ್ಲಿ ಅವರಿಗೆಂದೇ ಹುದ್ದೆ ಇಡುವ ಪದ್ಧತಿ ಬಹಳ ಕಾಲ ನಡೆದುಬಂತು. ಉಕ್ಕಿನ, ಪ್ಲಾಸ್ಟಿಕ್ಕಿನ ಕುರ್ಚಿಗಳು ಬಂದ ಮೇಲೆ ಆ ಕೆಲಸ ಕರಗಿತು. ನಾನು ಅವರನ್ನು ಅಣ್ಣ ಎಂದೇ ಕರೆಯುವುದು.

ಅಣ್ಣ ಕುರ್ಚಿಯನ್ನು ಮಗುಚಿ ಹಾಕಿಸಿದರು. ನಾನು ಎರಡು ಸಲ ಆ ಮನೆಗೆ ಹೋಗಿದ್ದರೂ ಸೀಟಿನ ಮೇಲ್ಬದಿಯನ್ನಷ್ಟೇ ನೋಡುತ್ತ ಕೂತಿದ್ದೆ. ಅವರು ಅಡಿಯಲ್ಲಿ ಹೆಬ್ಬೆರಳು ಆಡಿಸಿ, “ಇದರ ಹೊಟ್ಟೆ ಮುಚ್ಚಿಬಿಟ್ಟಿದ್ದಾರಲ್ಲೋ” ಎಂದರು. ಕಾರ್ಖಾನೆಯಲ್ಲಿ ಮರಕ್ಕೆ ಪಾಲಿಶ್ ಸಿಂಪಡಿಸುವಾಗ ಬೆತ್ತದ ಮೇಲಕ್ಕೂ ಕೆಳಕ್ಕೂ ಒಂದೇ ಸಮ ಸಿಂಪಡಿಸಿದ್ದರು. ಕಣ್ಣಿಗೆ ಅದು ಕಾಣುವುದು ಕಷ್ಟ. ಬೆರಳಿಗೆ ಗಾಜಿನಂತೆ ಜಾರುತ್ತದೆ.

ಇದೇಕೆ ದೊಡ್ಡ ಸಂಗತಿ ಎಂದರೆ, ಬೆತ್ತಕ್ಕೆ ಎರಡು ಮುಖವಿದೆ. ಬೆತ್ತ ಬಿದಿರಿನಂತೆ ಹುಲ್ಲಿನ ಜಾತಿಯದಲ್ಲ. ತೆಂಗು, ಅಡಿಕೆ, ಬಗಿನೆಯ ಬಳಗಕ್ಕೆ ಸೇರಿದ, ಮರ ಹಿಡಿದು ಹತ್ತುವ ಮುಳ್ಳಿನ ಬಳ್ಳಿ. ಬಿದಿರಿನ ಒಳಗೆ ಟೊಳ್ಳು, ಬೆತ್ತದ ಒಳಗೆ ತುಂಬು. ಹೊರಚರ್ಮದಲ್ಲಿ ಮರಳಿನ ಸತ್ವವಾದ ಸಿಲಿಕಾ ಸೇರಿರುವುದರಿಂದ ಅದು ಹೊಳೆಯುತ್ತದೆ, ನೀರನ್ನು ಜಾರಿಸುತ್ತದೆ. ಕುರ್ಚಿಯ ಸೀಟಿಗೆ ಬಳಸುವುದು ಈ ಚರ್ಮದ ಸೀಳನ್ನು. ಹೊಳಪು ಮೇಲಕ್ಕೆ, ಸೀಳಿದ ನಾರಿನ ಮುಖ ಕೆಳಕ್ಕೆ. ನೀರು ಕುಡಿಯುವುದು, ಬಿಡುವುದು ಎಲ್ಲ ಆ ಕೆಳಮುಖದಿಂದ. ಸೀಟು ಸಡಿಲವಾದರೆ ಹಳಬರು ಮಾಡುತ್ತಿದ್ದ ಉಪಾಯ ಇದನ್ನೇ ನಂಬಿದ್ದು: ಕುರ್ಚಿ ಮಗುಚಿ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಅಡಿಗೆ ಅರ್ಧ ಗಂಟೆ ಹಾಸಿ, ಒಂದು ಹಗಲು ಒಂದು ರಾತ್ರಿ ಯಾರೂ ಕೂರದಂತೆ ಗಾಳಿಗಿಟ್ಟರೆ ಎಳೆಗಳು ಮತ್ತೆ ಬಿಗಿಯುತ್ತವೆ. ಹೊಟ್ಟೆಗೆ ಪಾಲಿಶ್ ಹೊಡೆದರೆ ಈ ದಾರಿಯೇ ಮುಚ್ಚಿಹೋಗುತ್ತದೆ. ಮಳೆಗಾಲದ ತೇವವಂತೂ ಗಂಟಿನಿಂದ, ತುದಿಯಿಂದ, ಬಿರುಕಿನಿಂದ ಮೆಲ್ಲಗೆ ಒಳಸೇರಿಯೇ ಸೇರುತ್ತದೆ. ಹೊರಗೆ ಬರಲು ಅದಕ್ಕೆ ಜಾಗವಿಲ್ಲ. ಮೇಲೆ ದಿಂಬು, ಕೆಳಗೆ ಪಾಲಿಶ್.

ಅಣ್ಣನ ಬೆರಳು ಇನ್ನೊಂದನ್ನೂ ಹಿಡಿಯಿತು. ಚೌಕಟ್ಟಿನ ಒಳ ಅಂಚು ಚಾಕುವಿನಂತೆ ಚೂಪಾಗಿತ್ತು. ಕೂತಾಗಲೆಲ್ಲ ಎಳೆ ಆ ಅಂಚಿನ ಮೇಲೆ ಮಡಿದು ಏಳುತ್ತದೆ. ಮುಂದಿನ ಅಂಚಿನಲ್ಲಿ ಸಾಲಾಗಿ ತುಂಡಾದದ್ದು ಅದರಿಂದ. ನಾನು ಜುಲೈನಲ್ಲಿ ಹೊಸ ಜಾಲಿ ಹಾಕುವಾಗಲೂ ಆ ಅಂಚನ್ನು ಮುಟ್ಟಿರಲಿಲ್ಲ.

ಆದರೆ ಅಣ್ಣನ ತೀರ್ಪು ನನಗೆ ಒಪ್ಪಿಗೆಯಾಗಲಿಲ್ಲ. “ನಗರದ ಮಳೆಗೆ ಪ್ಲಾಸ್ಟಿಕ್ ಎಳೆ ಹಾಕಿಬಿಡು. ಈಗ ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಎಂಟು ಜನ ಅದನ್ನೇ ಕೇಳುತ್ತಾರೆ” ಎಂದರು. ಹೊಟ್ಟೆಪಾಡಿನಿಂದ ಬಂದ ಮಾತು ಅದು, ಅದರಲ್ಲಿ ಸುಳ್ಳಿಲ್ಲ. ಪ್ಲಾಸ್ಟಿಕ್‌ಗೆ ಬೂಷ್ಟು ಬೇಗ ಹಿಡಿಯುವುದಿಲ್ಲ. ಆದರೆ ಅದು ಒಮ್ಮೆ ಜೋತರೆ ಬಿಸಿನೀರಿಗೆ ಬಿಗಿಯುವುದಿಲ್ಲ, ಬೇಸಿಗೆಯಲ್ಲಿ ಬೆವರನ್ನು ಹೀರುವುದಿಲ್ಲ, ಸವೆದ ಮೇಲೆ ಮಣ್ಣಿಗೂ ಸೇರುವುದಿಲ್ಲ. ಬೆತ್ತದ ಬುಡದಲ್ಲೇ ಇರುವ ನಾವು ಬೆತ್ತದ ನಕಲನ್ನು ಕೊಂಡು ಕೂರಬೇಕೇ ಎಂದು ನಾನು ವಾದಿಸಿದೆ. ಅಣ್ಣ ನಕ್ಕು, “ಸರಿ, ಬೆತ್ತ ತಾ. ಒಂದು ಕುರ್ಚಿ ನಾನು ಹೆಣೆಯುತ್ತೇನೆ, ಅಡಿಗೆ ಮಾತ್ರ ಯಾರೂ ಏನೂ ಬಳಿಯಬಾರದು” ಎಂದರು.

ವಸ್ತುವಿನ ಹುಡುಕಾಟ

ಯಜಮಾನರು ಬೆತ್ತಕ್ಕೆ ಏಕೆ ಅಲೆಯಬೇಕು, ನಮ್ಮ ಸೊಪ್ಪಿನ ಬೆಟ್ಟದ ಹಳ್ಳದ ದಂಡೆಯಲ್ಲಿ ಹಿಂಡಲು ಹಿಂಡಲಾಗಿ ಇದೆ, ಕಡಿಸಿಕೊಡುತ್ತೇನೆ ಎಂದರು. ನಾನು ಬೇಡವೆಂದೆ. ಸೊಪ್ಪಿನ ಬೆಟ್ಟ ಎಂದರೆ ತೋಟಗಾರರಿಗೆ ಬಿಟ್ಟ ಕಾಡು; ಅದರ ಸವಲತ್ತು ತೋಟಕ್ಕೆ ಸೊಪ್ಪು, ದರಕು (ಉದುರಿದ ಒಣ ಎಲೆ) ತರುವುದಕ್ಕೆ. ಅಲ್ಲಿನ ಬೆತ್ತ ಅರಣ್ಯ ಉತ್ಪನ್ನ. ಇಲಾಖೆಯ ಅನುಮತಿ ಇಲ್ಲದೆ ಕಡಿಯುವಂತಿಲ್ಲ, ಸಾಗಿಸುವಂತಿಲ್ಲ. ಕಾನೂನು ಪಕ್ಕಕ್ಕಿಟ್ಟರೂ ನನಗೆ ಮನಸ್ಸಿರಲಿಲ್ಲ. ನಮ್ಮ ಘಟ್ಟದ ಬೆತ್ತಗಳು ಮೊದಲಿನಷ್ಟು ಉಳಿದಿಲ್ಲ. ದಪ್ಪನೆಯ ಹಂದಿಬೆತ್ತ, ಅದಕ್ಕಿಂತ ಅಪರೂಪದ ನಾಗಬೆತ್ತ ಇವೆಲ್ಲ ಬೆಳೆಯಲು ವರ್ಷಗಳು ಬೇಕು. ನಾಗಬೆತ್ತದ ವೈಜ್ಞಾನಿಕ ಹೆಸರಿನಲ್ಲೂ ನಮ್ಮ ಕನ್ನಡದ ಹೆಸರೇ ಕೂತಿದೆ. ಆರು ಕುರ್ಚಿಗಾಗಿ ಅಂಥದಕ್ಕೆ ಕತ್ತಿ ಇಡಲಾರೆ.

ಹಾಗಾಗಿ ಪೇಟೆಯಿಂದಲೇ ತರಿಸಿದೆ. ಪೇಟೆಯ ಬೆತ್ತ ಅಸ್ಸಾಮಿನ ಕಡೆಯಿಂದಲೂ ಹೊರದೇಶದಿಂದಲೂ ಬರುತ್ತದೆ. ಜಗತ್ತಿನಲ್ಲೇ ಅತಿ ಹೆಚ್ಚು ಬೆತ್ತ ಬೆಳೆಯುವ ಇಂಡೋನೇಷ್ಯಾ 2012ರಿಂದ ಕಚ್ಚಾ ಬೆತ್ತದ ರಫ್ತು ನಿಲ್ಲಿಸಿತು, ತನ್ನ ಕುಶಲಕರ್ಮಿಗಳಿಗೆ ಕೆಲಸ ಉಳಿಯಲಿ ಎಂದು. ಅಂಗಡಿಯಲ್ಲಿ ಸುರುಳಿ ಕೊಳ್ಳುವಾಗ ನಾನು ನೋಡುವುದು ಮೂರೇ: ಬೆರಳಿಗೆ ಸುತ್ತಿದರೆ ಚರ್ಮ ಸಿಡಿಯಬಾರದು, ಹಿಂಬದಿಯಲ್ಲಿ ನಾರು ಎದ್ದಿರಬಾರದು, ಮೂಗಿಗೆ ಮುಗ್ಗಲು ವಾಸನೆ ಬರಬಾರದು.

ಮನೆಯ ಸೊಸೆ ಬಾಳೆಯ ನಾರಿನ ಹುರಿ ಏಕೆ ಆಗದು ಎಂದು ಕೇಳಿದರು. ತೋಟದಲ್ಲಿ ಬಾಳೆಗೆ ಬರವಿಲ್ಲ, ಪ್ರಶ್ನೆ ನ್ಯಾಯವಾದದ್ದು. ನಾನು ಹಿಂದೊಮ್ಮೆ ಬಾಳೆ ನಾರಿನಲ್ಲಿ ಒಂದು ಸ್ಟೂಲು ಹೆಣೆದು ನೋಡಿದ್ದೆ. ಕೂರಲು ಬಲು ಮೆತ್ತಗೆ, ಕಣ್ಣಿಗೆ ಚೆನ್ನ. ಶ್ರಾವಣ ಮುಗಿಯುವಷ್ಟರಲ್ಲಿ ಕಪ್ಪು ಚುಕ್ಕೆ ಹಬ್ಬಿ ಒಳಗಿನಿಂದ ಮುಗ್ಗಿತ್ತು. ಕೆರೆಯ ಜೊಂಡಿನದೂ ಅದೇ ಕಷ್ಟ. ತೆಂಗಿನ ನಾರಿನ ಹಗ್ಗ ತೇವಕ್ಕೆ ಬೇಗ ಕೊಳೆಯುವುದಿಲ್ಲ, ಆದರೆ ಸೀರೆ ಹಿಡಿಯುತ್ತದೆ, ಚುಚ್ಚುತ್ತದೆ. ಜಗುಲಿಯ ಮಂಚಕ್ಕೆ ಸರಿ, ಊಟದ ಕುರ್ಚಿಗಲ್ಲ. ಬೆತ್ತವೇ ಉಳಿಯಿತು.

ಅಜ್ಜಿಯ ಕುರ್ಚಿಯ ಪ್ರಶ್ನೆ ಬೇರೆ. ಅವರು ಕಾಲು ಇಳಿಬಿಟ್ಟು ಕೂರುವವರಲ್ಲ. ಒಂದು ಕಾಲು ಮಡಿಚಿ ಸೀಟಿನ ಮೇಲಿಟ್ಟುಕೊಂಡೇ ಉಣ್ಣುತ್ತಾರೆ; ಎಂಬತ್ತು ವರ್ಷದ ಮಣೆಯ ಅಭ್ಯಾಸ. ಹಿಮ್ಮಡಿಯ ಭಾರವೆಲ್ಲ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಅವರ ಕುರ್ಚಿ ಎಡ ಮೂಲೆಯಲ್ಲೇ ಹರಿದಿತ್ತು. ಕುರ್ಚಿಗೆ ಹೊಂದುವಂತೆ ಅಜ್ಜಿಯನ್ನು ಕೂರಿಸುವ ಬದಲು ಅಜ್ಜಿಗೆ ಹೊಂದುವ ಸೀಟು ಮಾಡಬೇಕು. ಕಣ್ಣು ಕಣ್ಣಾಗಿರುವ ಜಾಲಿ ಅಲ್ಲಿ ಬೇಡ, ಸಂದಿಲ್ಲದ ಚಾಪೆ ಹೆಣಿಗೆ ಬೇಕು. ಅದು ಅಣ್ಣನ ಕೆಲಸವಲ್ಲ, ನನ್ನದೂ ಅಲ್ಲ. ಸಾಗರದಲ್ಲಿ ಬುಟ್ಟಿ, ಗೆರಸಿ ಹೆಣೆಯುವ ಮೇದರ ಹೆಂಗಸೊಬ್ಬರನ್ನು ಕೇಳಿದೆ. ಬಿದಿರಿನಲ್ಲಿ ಮಾಡುವುದನ್ನು ಬೆತ್ತದಲ್ಲಿ ಮಾಡಲು ಏನು ಕಷ್ಟ ಎಂದರು.

ಮಾಘದ ಕೆಲಸ

2024ರ ಫೆಬ್ರುವರಿಯ ಕೊನೆಯ ಎರಡು ವಾರ ಆ ಮನೆಯ ಅಂಗಳದಲ್ಲೇ ಕೆಲಸ ನಡೆಯಿತು. ಅಡಿಕೆ ಕೊಯ್ಲು ಮುಗಿಯುತ್ತ ಬಂದಿತ್ತು, ಚಪ್ಪರದ ಅಡಿ ನೆರಳು ಇತ್ತು, ಹಗಲಿಡೀ ಒಣ ಗಾಳಿ.

ನಾಲ್ಕು ಕುರ್ಚಿಗಳಿಗೆ ನಾನೇ ಜಾಲಿ ಹಾಕಿದೆ. ಈ ಸಲ ಮೊದಲು ಚೌಕಟ್ಟಿನ ಒಳ ಅಂಚನ್ನು ಅರದಿಂದ ಉರುಟು ಮಾಡಿ, ಉಪ್ಪುಕಾಗದದಲ್ಲಿ ತಿಕ್ಕಿ, ಬೆರಳು ಎಳೆದರೆ ಎಲ್ಲೂ ತಡೆಯದಂತೆ ಮಾಡಿದೆ. ಒಂದೊಂದು ಕುರ್ಚಿಗೆ ಅರ್ಧ ದಿನ ಇದಕ್ಕೇ ಹೋಯಿತು. ಮರಕ್ಕೆ ಪಾಲಿಶ್ ಬೇಕಾದಲ್ಲಿ ಜಾಲಿ ಕೂರಿಸುವ ಮುಂಚೆಯೇ ಹೊಡೆದು ಒಣಗಿಸಿದೆ, ಬೆತ್ತಕ್ಕೆ ಒಂದು ಹನಿಯೂ ತಾಗಬಾರದೆಂದು. ಜಾಲಿ ಕೂರಿಸಿದ ಮೇಲೆ ಐದು ದಿನ ಚಪ್ಪರದ ನೆರಳಿನಲ್ಲಿ ಮಗುಚಿ ಇಟ್ಟೆವು. ಇಲ್ಲೊಂದು ಎಡವಟ್ಟಾಗುವುದರಲ್ಲಿತ್ತು. ಅಡಿಕೆಯ ಲೆಕ್ಕದಲ್ಲೇ ಯೋಚಿಸಿದ ಯಜಮಾನರು ಎರಡನೆಯ ದಿನ ಒಂದು ಕುರ್ಚಿಯನ್ನು ನಡುಬಿಸಿಲಿಗೆ ಎಳೆದಿಟ್ಟಿದ್ದರು. ಅಡಿಕೆ ಉರಿಬಿಸಿಲು ಕೇಳುತ್ತದೆ, ಬೆತ್ತ ಕೇಳುವುದು ಗಾಳಿ. ಬಿಸಿಲಿಗೆ ಮೇಲ್ಚರ್ಮ ಬೇಗ ಒಣಗಿ ಸಿಡಿಯುತ್ತದೆ. ಒಂದು ಗಂಟೆಯೊಳಗೆ ನೋಡಿ ಒಳಗೆ ತಂದೆ.

ಅಣ್ಣ ಬಸ್ಸಿನಲ್ಲಿ ಬಂದು ನಾಲ್ಕು ದಿನ ಉಳಿದರು. ಯಜಮಾನರು ಕೂರುವ ಕುರ್ಚಿಯ ಗೀರನ್ನು ತೇಗದ ಪಟ್ಟಿಯಿಂದ ತುಂಬಿ, ಅರ್ಧ ಅಂಗುಲಕ್ಕೊಂದರಂತೆ ಸುತ್ತಲೂ 112 ತೂತು ಕೊರೆದುಕೊಟ್ಟೆ. ಅವರು ಒಂದೇ ಉದ್ದನೆಯ ಸೀಳನ್ನು ತೂತಿನಿಂದ ತೂತಿಗೆ ಏರಿಸಿ ಇಳಿಸುತ್ತ, ಮರದ ಬೆಣೆಯಿಂದ ತಡೆಯುತ್ತ ಹೆಣೆದರು. ಮೊದಲು ಉದ್ದ ಎಳೆ, ಅದರ ಮೇಲೆ ಅಡ್ಡ ಎಳೆ, ಮತ್ತೆ ಉದ್ದ, ಮತ್ತೆ ಅಡ್ಡ. ನಾಲ್ಕನೆಯ ಸುತ್ತಿನಿಂದ ಒಂದರ ಮೇಲೆ ಒಂದರ ಕೆಳಗೆ ಎಂದು ನಿಜವಾದ ನೇಯ್ಗೆ ಶುರು. ಆಮೇಲೆ ಎರಡು ಓರೆ ಸಾಲು, ಒಂದಕ್ಕೊಂದು ಎದುರು ಬದುರು. ಆಗ ಎಂಟು ಮೂಲೆಯ ಕಣ್ಣುಗಳು ಅರಳುತ್ತವೆ. ಕೊನೆಗೆ ತೂತುಗಳನ್ನು ಮುಚ್ಚುವ ಅಂಚು. ಓರೆ ಎಳೆ ಹಾಕುವಾಗ ಅವರು ಮಾತು ನಿಲ್ಲಿಸುತ್ತಿದ್ದರು. ಒಂದು ಕಡೆ ತಪ್ಪಾಗಿ ಮೇಲೆ ಹೋದ ಎಳೆಯನ್ನು ಹನ್ನೆರಡು ಸಾಲು ದಾಟಿದ ಮೇಲೆ ಬೆರಳು ಹಿಡಿಯಿತು. ಹನ್ನೆರಡನ್ನೂ ಬಿಚ್ಚಿದರು. ಮೇಲಿನಿಂದ ನೋಡುವವರಿಗೆ ಅದು ಕಾಣುತ್ತಲೇ ಇರಲಿಲ್ಲ ಎಂದು ಸೊಸೆ ಹೇಳಿದರು. “ನನಗೆ ಕಾಣುತ್ತದಮ್ಮ” ಎಂದರು ಅಣ್ಣ.

ಇಂಥ ಸೀಟಿಗೆ ತಗುಲುವುದು ಪೂರಾ ಎರಡು ದಿನದ ಕೂಲಿ, ಅಂಚು ಮತ್ತು ತಿದ್ದುಪಡಿ ಸೇರಿದರೆ ಎರಡೂವರೆ. ಯಂತ್ರದ ಜಾಲಿಗೆ ಕೂರಿಸುವ ಕೆಲಸ ಎರಡು ಗಂಟೆ. ಕೈ ಹೆಣಿಗೆ ದುಬಾರಿ ಎನ್ನುವವರು ಈ ಎರಡು ದಿನವನ್ನು ಪಕ್ಕದಲ್ಲಿ ಕೂತು ನೋಡಬೇಕೆಂದು ನನ್ನ ಆಸೆ.

ಅಜ್ಜಿಯ ಕುರ್ಚಿಗೆ ಹಲಸಿನ ಮರದಲ್ಲಿ ಬೇರೆಯೇ ಒಂದು ಚೌಕಟ್ಟು ಮಾಡಿದೆ, ನಾಲ್ಕು ಪಟ್ಟಿಯನ್ನೂ ಒನಕೆಯಂತೆ ಉರುಟಾಗಿಸಿ. ಅದು ಕುರ್ಚಿಯೊಳಗೆ ಕೂರುತ್ತದೆ, ಬೇಕೆಂದಾಗ ಎತ್ತಿ ತೆಗೆಯಬಹುದು. ಸಾಗರದ ಹೆಂಗಸು ಅಗಲ ಸೀಳನ್ನು ಪಟ್ಟಿಗಳ ಸುತ್ತ ಒತ್ತೊತ್ತಾಗಿ ಸುತ್ತಿ, ಎರಡರ ಮೇಲೆ ಎರಡರ ಕೆಳಗೆ ಎಂದು ಹೆಣೆದರು. ಕೆಲಸ ಮುಗಿಯುವ ಹೊತ್ತಿಗೆ ಅಜ್ಜಿ ಕೋಲೂರಿಕೊಂಡು ಬಂದು ನೋಡಿ ಹಿಂದೆ ಸರಿದರು. “ಇದು ಗೆರಸಿಯಲ್ಲವೇ? ಗೌರಿಗೆ ಬಾಗಿನ ಕೊಡುವುದರ ಮೇಲೆ ಕೂರುವುದೇ?” ನನಗೆ ಉತ್ತರ ತೋಚಲಿಲ್ಲ. ಹೆಣೆಯುತ್ತಿದ್ದವರೇ ತಲೆ ಎತ್ತಿ ಹೇಳಿದರು: “ಅಮ್ಮಾ, ಬಾಯಿಗೆ ಅಂಚು ಕಟ್ಟಿದರೆ ಮಾತ್ರ ಗೆರಸಿ. ಇದಕ್ಕೆ ಬಾಯಿಯೇ ಇಲ್ಲ, ನಾಲ್ಕೂ ಕಡೆ ಮುಚ್ಚಿದೆ. ಇದು ಚಾಪೆ.” ಅಜ್ಜಿ ಸುತ್ತಲೂ ಕೈಯಾಡಿಸಿ ನೋಡಿ, ಬಾಯಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, “ಚಾಪೆಯಾದರೆ ಸರಿ” ಎಂದು ಕೂತರು. ಎಡಗಾಲನ್ನು ಮೇಲೆತ್ತಿ ಮಡಿಚಿಕೊಂಡರು.

ಎರಡು ಮಳೆಗಾಲದ ನಂತರ

ಮನೆಯವರೊಂದಿಗೆ ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೆವು. ಮಳೆಗಾಲದಲ್ಲಿ ದಿಂಬು ಬೇಡ. ಚೆಲ್ಲಿದ್ದನ್ನು ಹಿಂಡಿದ ಬಟ್ಟೆಯಿಂದ ಮೇಲಷ್ಟೇ ಒರೆಸಬೇಕು. ರಾತ್ರಿ ಊಟವಾದ ಮೇಲೆ ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಇಡಬೇಕು, ಹೊಟ್ಟೆಗೆ ಗಾಳಿ ಆಡಲಿ ಎಂದು. ಮುಖ್ಯವಾದದ್ದು ಬಚ್ಚಲೊಲೆ. ಆ ಮನೆಯಲ್ಲಿ ಗ್ಯಾಸ್ ಬಂದರೂ ಸ್ನಾನದ ಹಂಡೆಗೆ ಇಂದಿಗೂ ಕಟ್ಟಿಗೆಯದೇ ಉರಿ. ಬಚ್ಚಲಿನ ಹೊರಗಿನ ಓಣಿ ಆಷಾಢದಲ್ಲೂ ಬೆಚ್ಚಗೆ ಒಣಗಿರುತ್ತದೆ. ವಾರಕ್ಕೆ ಎರಡೆರಡು ಕುರ್ಚಿಯನ್ನು ಸರದಿಯಲ್ಲಿ ಒಂದು ರಾತ್ರಿ ಅಲ್ಲಿಡುವುದೆಂದು ಸೊಸೆಯೇ ಯೋಚಿಸಿದ್ದು. ಊಟದ ಮನೆ ಕಳೆದುಕೊಂಡ ಹೊಗೆಗೆ ಇದಕ್ಕಿಂತ ಒಳ್ಳೆಯ ಬದಲಿ ನನಗೆ ಹೊಳೆದಿರಲಿಲ್ಲ.

2024ರ ಮಳೆ ಜೋರಾಗಿತ್ತು. ಆಗಸ್ಟಿನಲ್ಲಿ ಅಣ್ಣ ಹೆಣೆದ ಸೀಟು ಒಂದು ಬೆರಳಿನಷ್ಟು ತಗ್ಗಿತು ಎಂದು ಫೋನ್ ಬಂತು. ಮುಟ್ಟಬೇಡಿ, ದೀಪಾವಳಿ ಕಳೆಯಲಿ ಎಂದೆ. ನವೆಂಬರಿನಲ್ಲಿ ಬಿಸಿಬಟ್ಟೆ ಹಾಸಿ ಒಂದೂವರೆ ದಿನ ಗಾಳಿಗಿಟ್ಟರು. ಬೆರಳಿನಿಂದ ತಟ್ಟಿದರೆ ಸದ್ದು ಬರುವಷ್ಟು ಬಿಗಿಯಾಯಿತು. ಜಾಲಿಯ ನಾಲ್ಕರಲ್ಲಿ ಮೂರು ಚೆನ್ನಾಗಿವೆ. ಒಂದರ ನಡುವೆ ಐದಾರು ಎಳೆ ತುಂಡಾಗಿವೆ: ರಜೆಗೆ ಬಂದ ಮೊಮ್ಮಗ ಅದರ ಮೇಲೆ ನಿಂತು ಗೂಡಿನಿಂದ ಡಬ್ಬಿ ಇಳಿಸಿದ್ದ. ಬೆತ್ತದ ಸೀಟು ಕೂತವರ ಭಾರವನ್ನು ಹಂಚಿಕೊಂಡು ಹೊರುತ್ತದೆ, ನಿಂತವರ ಹಿಮ್ಮಡಿಯನ್ನು ಹೊರಲಾರದು. ಜಾಲಿಯಲ್ಲಿ ಒಂದು ಕಡೆ ತುಂಡಾದರೆ ಇಡೀ ಹಾಳೆಯನ್ನೇ ಬದಲಿಸಬೇಕು. ಆ ಕುರ್ಚಿ ಈ ಮಾಘಕ್ಕೆ ಕಾದಿದೆ, ಅದನ್ನೂ ಕೈಯಲ್ಲೇ ಹೆಣೆಸೋಣ ಎಂದು ಯಜಮಾನರೇ ಹೇಳಿದ್ದಾರೆ.

2025ರ ಜುಲೈನ ಬಿಡದ ಮಳೆಯ ವಾರಗಳಲ್ಲಿ ಎರಡು ಸೀಟುಗಳ ಅಡಿಗೆ ಬೂದು ಬೂಷ್ಟಿನ ಚುಕ್ಕೆ ಕಂಡಿತ್ತು. ಒಣ ಬ್ರಷ್ಷಿನಿಂದ ಉಜ್ಜಿ ಬಚ್ಚಲೊಲೆಯ ಬಳಿ ಮೂರು ರಾತ್ರಿ ಇಟ್ಟ ಮೇಲೆ ಮತ್ತೆ ಬರಲಿಲ್ಲ. ಪೂರ್ತಿ ಬೂಷ್ಟಿಲ್ಲದ ಸೀಟನ್ನು ಆ ಸೀಮೆಯಲ್ಲಿ ಮಾಡಿಕೊಡುತ್ತೇನೆಂದು ನಾನು ಯಾರಿಗೂ ಮಾತು ಕೊಡಲಾರೆ. ಕಂಡ ಕೂಡಲೆ ಉಜ್ಜಿ ಒಣಗಿಸುವಂತಿರಬೇಕು, ಅಷ್ಟೇ.

ಅಜ್ಜಿಯ ಸೀಟಿನಲ್ಲಿ ಒಂದು ಎಳೆಯೂ ತುಂಡಾಗಿಲ್ಲ. ಕೂತಾಗ ಸಣ್ಣಗೆ ಕಿರುಗುಟ್ಟುತ್ತದೆ. ಎಡ ಮೂಲೆಯಲ್ಲಿ ಅವರ ಹಿಮ್ಮಡಿ ತಾಗುವ ಜಾಗ ಉಳಿದದ್ದಕ್ಕಿಂತ ಕಪ್ಪಾಗಿ, ನುಣುಪಾಗಿ ಹೊಳೆಯುತ್ತಿದೆ. ಹೋದ ಅಕ್ಟೋಬರಿನಲ್ಲಿ ನಾನು ಹೋಗಿದ್ದಾಗ ಸೀಟನ್ನು ಎತ್ತಿ ಅಡಿ ನೋಡಲು ಕೇಳಿದೆ. ಅವರು ಊಟದ ನಡುವೆ ಇದ್ದರು. “ಉಂಡಾದ ಮೇಲೆ ನೋಡು ತಮ್ಮಾ, ನೀನೂ ಎಲೆ ಹಾಕಿಸಿಕೊ” ಎಂದರು. ಆ ದಿನ ನಾನು ಅಣ್ಣ ಹೆಣೆದ ಕುರ್ಚಿಯಲ್ಲಿ ಕೂತು ಉಂಡೆ.